ಯಾಯ್ ಪೆಂದಾ ದೋಣಿಯೂ ಒಂದು ಸಾಲೂ

ಮೊಮಾರ್ ಸೆಕ್ ತನ್ನ ತಂಗಿ ರೊಖಾಯಾಳನ್ನು ಮಾತಾಡಿಸುವುದು ಬಿಟ್ಟಿದ್ದಾನೆ ಎನ್ನುವ ಸುದ್ದಿ ಸೆನೆಗಲ್ ದೇಶದ ಗೆತ್ ನ್ದಾರಿನ ಮೀನುಗಾರರ ಕೇರಿಗೆಲ್ಲ ಒಂದೇ ಬೆಳಗಿನಲ್ಲಿ ಹಬ್ಬಿತು. ಜಗಳವಾಡಿದ್ದರೆ ಯಾರೂ ಕಿವಿ ಕೊಡುತ್ತಿರಲಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಜಗಳಕ್ಕೇನು ಬರವೇ? ಆದರೆ ಎದುರಿಗೆ ಬಂದ ಒಡಹುಟ್ಟಿದವಳ ಕ್ಷೇಮ ಕೇಳದೆ ದಾಟಿಹೋಗುವುದು ಬೇರೆಯೇ ಮಾತು. ಇಲ್ಲಿ ಹಾವು ಮುಂಗುಸಿಯಂತಿರುವವರೂ ಮೊದಲು ಒಬ್ಬರ ಕುಲದ ಹೆಸರನ್ನು ಇನ್ನೊಬ್ಬರು ಹೇಳಬೇಕು. ಶಾಂತಿ ಇದೆಯಾ ಅಂದರೆ ಶಾಂತಿಯೊಂದೇ, ಮನೆಯವರೆಲ್ಲಿ ಅಂದರೆ ಅಲ್ಲಿದ್ದಾರೆ, ಮಕ್ಕಳೆಲ್ಲಿ ಅಂದರೆ ಅಲ್ಲಿದ್ದಾರೆ. ಹೀಗೆ ಪೂರ್ತಿ ಒಂದು ಸುತ್ತು ಮುಗಿದ ಮೇಲೇ ಬೈಗುಳಕ್ಕೆ ಬಾಯಿ ತೆರೆಯುವುದು.

ಕಾರಣ ಎಲ್ಲರಿಗೂ ಗೊತ್ತಿತ್ತು. ಸೇತುವೆಯಾಚೆ, ದ್ವೀಪದ ಮೇಲಿನ ಮೀನುಗಾರರ ಸಂಘದ ಕಚೇರಿಯಲ್ಲಿ ರೊಖಾಯಾ ನೋಡಿಕೊಳ್ಳುವ ಒಂದು ಕಂಪ್ಯೂಟರ್ ಇದೆ. ದೂರದ ಕಡಲಿನಲ್ಲಿ ಸರಪಳಿ ಕಟ್ಟಿ ತೇಲಿಬಿಟ್ಟ ಅಳತೆಯ ತೇಲುಬುರುಡೆಯೊಂದು ಗಂಟೆಗೊಮ್ಮೆ ಅಲೆಯ ಎತ್ತರವನ್ನು ಅದಕ್ಕೆ ಹೇಳುತ್ತದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಏಳುವ ಲಕ್ಷಣ ಕಂಡರೆ ಕಂಪ್ಯೂಟರ್ ಕೂಡಲೇ ಎಲ್ಲ ದೋಣಿಯವರ ಫೋನಿಗೂ ಒಂದು ಧ್ವನಿಸಂದೇಶ ಕಳಿಸುತ್ತದೆ: ಇಂದು ಅಳಿವೆ ದಾಟಬೇಡಿ. ಆ ದನಿ ರೊಖಾಯಾಳದ್ದೇ.

ಕಡಲು ಚೆನ್ನಾಗಿದ್ದ ದಿನ ಸಂದೇಶ ಬರುವುದಿಲ್ಲ. ದಿನವೂ ಒಂದು ಸಂದೇಶ ಕಳಿಸೋಣ, ಒಳ್ಳೆಯ ದಿನ ಒಳ್ಳೆಯದು ಅಂತಲೇ ಹೇಳೋಣ ಎಂದು ಅವಳು ಮೊದಲೇ ಕೇಳಿಕೊಂಡಿದ್ದಳು. ಹಿರಿಯರು ಕೈಯೆತ್ತಿ ತಡೆದರು. ಕಡಲು ಶಾಂತವಾಗಿರುತ್ತದೆ ಅಂತ ಮಾತು ಕೊಡುವವನು ದೇವರೊಬ್ಬ. ಮನುಷ್ಯ ಅಂಥ ಮಾತಾಡಿದರೆ ಕಡಲಿಗೆ ಸವಾಲು ಹಾಕಿದಂತೆ. ಕೆಟ್ಟದ್ದಿದ್ದರೆ ಹೇಳು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು ಅಂದರು. ಹಾಗಾಗಿ ಕೇರಿಯಲ್ಲಿ ಮೌನವೆಂದರೆ ಹೊರಡಬಹುದು ಎಂದರ್ಥವಾಯಿತು.

ಹಳೆಯ ಬುರುಡೆಯ ಸರಪಳಿ ಹರಿದು ಅದು ಎಲ್ಲಿಗೋ ತೇಲಿಹೋದ ಮೇಲೆ ಹೊಸದು ಬಂತು. ಹೊಸ ಬುರುಡೆಯ ಮಾತು ಹಳೆಯ ಕರ್ನೆಲ್ಲಿಗೆ ತಿಳಿಯುತ್ತಿರಲಿಲ್ಲ. ಕರ್ನೆಲ್ ಅಂದರೆ ಕಂಪ್ಯೂಟರಿನ ಒಳತಿರುಳು. ಡಿಸ್ಕು, ಪರದೆ, ತಂತಿ ಎಲ್ಲವನ್ನೂ ಸಂಭಾಳಿಸುವ ಮನೆಯ ಯಜಮಾನಿ. ರೊಖಾಯಾ ಹೊಸ ಕರ್ನೆಲ್ ಹಾಕಿದಳು. ಹೊಸ ಬುರುಡೆಗೆ ಹೊಂದಿಸಲು ಅವಳು ಹಗಲಿರುಳು ಅದನ್ನು ಕೆಣಕುತ್ತಲೇ ಇದ್ದ ಒಂದು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಕಂಪ್ಯೂಟರಿನ ಡಿಸ್ಕು ಇದ್ದಕ್ಕಿದ್ದಂತೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಬುರುಡೆ ಕಡಲಿನಿಂದ ಕೂಗುತ್ತಲೇ ಇತ್ತು, ಕೇಳಿಸಿಕೊಳ್ಳುವವರಿಲ್ಲ. ಸಂದೇಶ ಹೋಗಲಿಲ್ಲ. ಮೊಮಾರ್ ಫೋನು ನೋಡಿದ, ಮೌನ ಕಂಡ, ದೋಣಿ ನೀರಿಗಿಳಿಸಿದ.

ತೀರಿಹೋದ ಅಮ್ಮನ ಹೆಸರನ್ನು ಬಣ್ಣದಲ್ಲಿ ಬರೆಸಿದ್ದ ದೋಣಿ ಅದು, ಯಾಯ್ ಪೆಂದಾ. ಅಳಿವೆಯಲ್ಲಿ ಅದು ಎರಡು ಹೋಳಾಯಿತು. ಅದರಲ್ಲಿದ್ದವರೆಲ್ಲ ಬದುಕಿ ಬಂದದ್ದು ಪುಣ್ಯ. ಮೀನಿನ ಪೆಟ್ಟಿಗೆ ಅಪ್ಪಿಕೊಂಡು ತೇಲುತ್ತಿದ್ದ ಮೊಮಾರನನ್ನು ಬೇರೆ ದೋಣಿಯವರು ಎಳೆದುಕೊಂಡರು. ದಡಕ್ಕೆ ಓಡಿಬಂದ ತಂಗಿಯನ್ನು ಅವನು ಒಂದು ಸಲ ನೋಡಿದ.

"ನಿನ್ ಯಂತ್ರ ಸುಮ್ನಿತ್ತು. ಇನ್ಮೇಲೆ ನಾನೂ ಸುಮ್ನಿರ್ತೀನಿ" ಅಂದ. ಹಾಗೇ ಇದ್ದುಬಿಟ್ಟ.

ತಂಗಿಯ ಜೊತೆ ಮಾತು ಬಿಟ್ಟದ್ದಷ್ಟೇ ಆಗಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ಅವನು ಫೋನಿನಿಂದ ಅವಳ ದನಿಯನ್ನೇ ಅಳಿಸಿಹಾಕಿದ. ಬಂದರೂ ಕೇಳಲ್ಲ, ಬರದಿದ್ದರೂ ಕೇಳಲ್ಲ ಎಂದು ದಡದಲ್ಲಿ ನಿಂತು ಹೇಳಿದ. ಅವನ ಮಾತು ನಡೆಯುವ ಕೇರಿ ಅದು. ಬೇರೆ ದೋಣಿಯವರೂ ಹಾಗೇ ಮಾಡತೊಡಗಿದರು. ಚಳಿಗಾಲದ ದೊಡ್ಡ ತೆರೆಗಳು ಮುಂದಿದ್ದವು. ಬಾಡಿಗೆ ದೋಣಿಯಲ್ಲಿ ಅಣ್ಣ ಅಳಿವೆ ದಾಟುವುದನ್ನು ನೋಡುವಾಗೆಲ್ಲ ಅವಳು ದೋಣಿ ಆಚೆ ಮುಟ್ಟುವ ತನಕ ದಡ ಬಿಟ್ಟು ಕದಲುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ಮಲಿಕ್ ಗೇಯ್ ಒಳ್ಳೆಯವರು. ಡಿಸ್ಕು ನಿಂತರೆ ಕಂಪ್ಯೂಟರ್ ಆರಿಸಿ ಹೊತ್ತಿಸಲು ಅವರೂ ರೊಖಾಯಾಳೂ ಸರದಿ ಹಾಕಿಕೊಂಡು ಕಾವಲು ಕೂತರು. ಆದರೆ ಗೇಯ್ ಕುಲಕ್ಕೂ ಸೆಕ್ ಕುಲಕ್ಕೂ ಹಿಂದಿನಿಂದ ಬಂದ ಗೇಲಿಯ ನಂಟು. ಕಷ್ಟ ಬಂತೆಂದು ಆ ಸಲಿಗೆ ಬಿಡುವಂತಿಲ್ಲ.

"ಏನಮ್ಮಾ ಸೆಕ್, ನಿಮ್ ಕುಲದೋರು ಅನ್ನದ ಬೋಗುಣಿ ಬಿಟ್ಟು ಬೇರೆ ಯಾವ್ದನ್ನೂ ಇಷ್ಟು ಕಣ್ ನೆಟ್ಟು ನೋಡಿದ್ದು ನಾ ಕಾಣೆ" ಅಂದರು ಅವರು, ಪರದೆಯ ಮುಂದೆ ಅಲುಗದೆ ಕೂತವಳನ್ನು ಕಂಡು.

"ನಮ್ ಬೋಗುಣಿ ತಳ ನೆಕ್ಕಿ ಬೆಳೆದ ಗೇಯ್‌ಗಳು ಹೀಗಂದ್ರೆ ಬೇಜಾರಿಲ್ಲ ಬಿಡಿ" ಅಂದಳು ಅವಳು, ಕಣ್ಣು ಕದಲಿಸದೆ.

ಅವಳು ಹುಡುಕುತ್ತಿದ್ದದ್ದು ಹೀಗೆ. ಹಳೆಯ ಕರ್ನೆಲ್ಲಿನಲ್ಲಿ ಡಿಸ್ಕು ಸರಿಯಿತ್ತು, ಹೊಸದರಲ್ಲಿ ಕೆಟ್ಟಿತು. ಎರಡರ ನಡುವೆ ಲೋಕದ ಮೂಲೆಮೂಲೆಯ ಜನ ಸೇರಿಸಿದ ಹತ್ತು ಸಾವಿರಕ್ಕೂ ಮೀರಿದ ಬದಲಾವಣೆಗಳಿದ್ದವು. ಅದರಲ್ಲೊಂದು ಈ ಕೇಡಿನ ಬೇರು. ಒಂದೊಂದನ್ನೇ ನೋಡುತ್ತ ಕೂತರೆ ಮುದುಕಿಯಾಗಬೇಕು. ಆದರೆ ಸರಿಯಾಗಿ ನಡುವಿನ ಹಂತದ ಕರ್ನೆಲ್ ಕಟ್ಟಿ ಓಡಿಸಿ ನೋಡಿದರೆ? ಅದು ಒಳ್ಳೆಯದಿದ್ದರೆ ಕೇಡು ಆಮೇಲಿನ ಅರ್ಧದಲ್ಲಿದೆ, ಕೆಟ್ಟದ್ದಾಗಿದ್ದರೆ ಮೊದಲಿನ ಅರ್ಧದಲ್ಲಿ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು, ಅದನ್ನೂ ಅರ್ಧ ಮಾಡು. ಹದಿನಾಲ್ಕು ಸಲ ಹೀಗೆ ಸೀಳಿದರೆ ಹತ್ತು ಸಾವಿರದಲ್ಲಿ ಒಂದೇ ಒಂದು ಅಂಗೈ ಮೇಲೆ ಉಳಿಯುತ್ತದೆ. ಓದುವ ಕಾಲದಲ್ಲೇ ಇದನ್ನು ಕಲಿತಿದ್ದಳು. ಕಚೇರಿಯಲ್ಲಿದ್ದ ಅಂಥದ್ದೇ ಇನ್ನೊಂದು ಕಂಪ್ಯೂಟರಿನ ಮೇಲೆ ತಾನೇ ಮಾಡಲು ಕೂತಾಗ ಮಾತ್ರ ಮೈ ಜುಮ್ಮೆಂದಿತು. ಕಡಲಿನಷ್ಟು ದೊಡ್ಡದು ಹದಿನಾಲ್ಕು ಪ್ರಶ್ನೆಗೆ ಬಗ್ಗುತ್ತದೆ ಅಂದರೆ!

ಒಂದೊಂದು ಬದಲಾವಣೆಗೂ ಮಾಡಿದವರ ಹೆಸರು, ಯಾಕೆ ಮಾಡಿದರೆಂಬ ನಾಲ್ಕು ಮಾತು ಇರುತ್ತವೆ. ಕರ್ನೆಲ್ ಕಟ್ಟಿ ಮುಗಿಯುವ ತನಕ ಅವಳು ಅವನ್ನು ಓದುತ್ತಿದ್ದಳು. ಯಾರೋ ಹಿಮದ ನಾಡಿನಲ್ಲಿ ಚಳಿ ಅಳೆಯುವ ಉಪಕರಣ ಹೆಪ್ಪುಗಟ್ಟುತ್ತದೆಂದು ಎರಡು ಸಾಲು ತಿದ್ದಿದ್ದರು. ಇನ್ಯಾರೋ ತಮ್ಮೂರಿನ ಗ್ರಂಥಾಲಯದ ಮುದ್ರಣಯಂತ್ರ ಅರಚುತ್ತದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಒಬ್ಬ ಹೆಂಗಸು ತನ್ನ ತಿದ್ದುಪಡಿಯ ಕೆಳಗೆ, ಹೆರಿಗೆಗೆ ಹೋಗುತ್ತಿದ್ದೇನೆ, ಪ್ರಶ್ನೆಗಳಿದ್ದರೆ ಉತ್ತರ ತಡವಾದೀತು ಅಂತ ಬರೆದಿದ್ದಳು. ಇವರಾರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇವರೆಲ್ಲರ ಕೈ ಸೇರಿ ಆದದ್ದು ಈ ಮೇಜಿನ ಮೇಲೆ ಕೂತು ಗೆತ್ ನ್ದಾರಿನ ದೋಣಿ ಕಾಯುತ್ತಿದೆ. ರೊಖಾಯಾ ಒಮ್ಮೊಮ್ಮೆ ಕೆಲಸ ಮರೆತು ಓದುತ್ತ ಕೂತುಬಿಡುತ್ತಿದ್ದಳು.

ಡಿಸ್ಕು ಯಾವಾಗ ಕೆಡುತ್ತದೆಂದು ಹಿಡಿಯಲು ಅವಳು ತನ್ನ ಲ್ಯಾಪ್‌ಟಾಪಿನಿಂದ ಒಂದು ಚಿಕ್ಕ ಪ್ರೋಗ್ರಾಂ ಓಡಿಸುತ್ತಿದ್ದಳು. ಅದು ಎರಡೆರಡು ಕ್ಷಣಕ್ಕೊಮ್ಮೆ ಡಿಸ್ಕಿನಿಂದ ಏನಾದರೂ ಚೂರು ಓದಿ, ಉತ್ತರ ಬಂದರೆ ಸರಿ ಎಂದು ಗುರುತು ಹಾಕಬೇಕು. ಅದಕ್ಕೆ ಅವಳು ಇಟ್ಟ ಹೆಸರು 'ಶಾಂತಿ ಇದೆಯಾ'. ನಮ್ಮವರಿಗೆ ಇನ್ನೇನು ತಾನೇ ಹೊಳೆದೀತು? ಒಬ್ಬರ ಯೋಗಕ್ಷೇಮ ತಿಳಿಯಬೇಕೆಂದರೆ ಕೇಳಬೇಕು. ಪದೇ ಪದೇ ಕೇಳಿದಷ್ಟೂ ಪ್ರೀತಿ. ದಿನವಿಡೀ ಪ್ರೋಗ್ರಾಂ ಶಾಂತಿ ಇದೆಯಾ ಅಂದಿತು, ಡಿಸ್ಕು ಶಾಂತಿಯೊಂದೇ ಅಂದಿತು. ಅವಳು ಒಳ್ಳೆಯದು ಎಂದು ಬರೆದಳು. ಮುಂದಿನ ಅರ್ಧವೂ ಒಳ್ಳೆಯದು. ಅದರ ಮುಂದಿನದೂ ಒಳ್ಳೆಯದು. ಕೆಟ್ಟದ್ದು ಎಂಬ ಉತ್ತರ ಒಂದು ಸಲವೂ ಬರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಅಣ್ಣನ ಮುಖ ಕಣ್ಣ ಮುಂದಿದ್ದವಳಿಗೆ ಕೊನೆ ಮುಟ್ಟುವ ಆತುರ.

ಕೊನೆಗೆ ಅಂಗೈ ಮೇಲೆ ಉಳಿದದ್ದು ಸಾಲಿನ ತೀರಾ ತುದಿಯ ಬದಲಾವಣೆ. ಅದನ್ನು ಮಾಡಿದವನು ಚಿಲಿ ದೇಶದವನೊಬ್ಬ. ಬದಲಾವಣೆ ಏನೆಂದು ಸರಿಯಾಗಿ ಓದದೆಯೇ, ಕರ್ನೆಲ್ ಬರೆಯುವವರೆಲ್ಲ ಓದುವ ಇ-ಮೇಲ್ ಗುಂಪಿಗೆ ಅವಳು ಕಾಗದ ಹಾಕಿಬಿಟ್ಟಳು: ನಿಮ್ಮ ಬದಲಾವಣೆಯಿಂದ ನಮ್ಮ ಡಿಸ್ಕು ಸಾಯುತ್ತಿದೆ. ಉತ್ತರ ತುಂಬ ಮರ್ಯಾದೆಯಿಂದ ಬಂತು. ನನ್ನ ಬದಲಾವಣೆ ಒಂದು ಬಗೆಯ ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ದೀಪ ಹೊತ್ತಿಸುತ್ತದೆ, ನಿಮ್ಮ ಯಂತ್ರಕ್ಕೆ ಕೀಲಿಮಣೆ ಇದೆಯೇ ಅಂತ ಅವನು ಕೇಳಿದ್ದ. ಅವಳು ಲ್ಯಾಪ್‌ಟಾಪಿನಿಂದಲೇ ನಡೆಸುವ ಆ ಯಂತ್ರಕ್ಕೆ ಅದು ಇರಲಿಲ್ಲ.

ಗೇಯ್ ನಕ್ಕೂ ನಕ್ಕೂ ಟೀ ಲೋಟ ಕೆಳಗಿಟ್ಟರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲೇ! ಅದೂ ಲೋಕದೆದುರಿಗೆ."

ರೊಖಾಯಾಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಿ ಬರೆದಳು. ಆಮೇಲೆ ಮೊದಲಿಂದ ಲೆಕ್ಕ ಹಾಕಿದಳು, ಎಲ್ಲೂ ತಪ್ಪು ಕಾಣಲಿಲ್ಲ. ಕೊನೆಯ ಸಲ ಒಳ್ಳೆಯದು ಎಂದು ಬರೆದಿದ್ದ ಕರ್ನೆಲ್ಲನ್ನೇ ಮತ್ತೆ ಓಡಿಸಿದಳು. ಇಡೀ ದಿನ ಅದು ಶಾಂತಿಯೊಂದೇ ಅನ್ನುತ್ತಲೇ ಇತ್ತು.

ಮಾರನೆಯ ದಿನ ಮೊಮಾರನ ಮಗುವಿನ ನಾಮಕರಣ. ಮಗುವಿನ ತಲೆಗೂದಲು ತೆಗೆಯುವಾಗ ಸೋದರತ್ತೆಯ ಮಡಿಲಲ್ಲೇ ಮಗು ಇರಬೇಕು. ಜಗಳವಿದ್ದರೂ ಸರಿ, ಊರು ಬಿಟ್ಟುಹೋದವಳಾದರೂ ಸರಿ. ಮೊಮಾರ್ ಕರೆಯಲಿಲ್ಲ, ಅವನ ಹೆಂಡತಿ ಹೇಳಿಕಳಿಸಿದಳು. ರೊಖಾಯಾ ಬೆಳಗ್ಗೆ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿಕೊಂಡು, ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟ ನಿಲುವಂಗಿ ತೊಟ್ಟು ಸೇತುವೆ ದಾಟಿದಳು.

ಅಣ್ಣ ಬಂದವರನ್ನೆಲ್ಲ ಬಾಗಿಲಲ್ಲಿ ನಿಂತು ಕುಲದ ಹೆಸರು ಹಿಡಿದು ವಿಚಾರಿಸುತ್ತಿದ್ದ. ಫಾಲ್, ಶಾಂತಿ ಇದೆಯಾ. ಸಾರ್, ಮನೆಯವರೆಲ್ಲಿ. ಜೇಯ್, ಮಕ್ಕಳೆಲ್ಲಿ. ಇವಳ ಸರದಿ ಬಂದಾಗ ಮಗುವನ್ನು ತಂದು ಮಡಿಲಲ್ಲಿಟ್ಟು, ಮಗುವಿನ ಮುಖವನ್ನಷ್ಟೇ ನೋಡಿ ಹೊರಟುಹೋದ. ಮಗು ಕತ್ತಿಯ ಕೆಳಗೂ ಗೊರಕೆ ಹೊಡೆಯುತ್ತಿತ್ತು. ಲಾಖ್ ಎಂಬ ಸಜ್ಜೆಯ ಅಂಬಲಿಗೆ ಮೊಸರು ಸುರಿದು ಕೊಟ್ಟರು. ಎರಡು ತುತ್ತು ತಿಂದು ಬಟ್ಟಲು ಕೆಳಗಿಟ್ಟಳು. ಮಧ್ಯಾಹ್ನಕ್ಕೆ ಅವಳು ಕಚೇರಿಗೆ ವಾಪಸಾದಳು.

ಲ್ಯಾಪ್‌ಟಾಪ್ ತೆರೆದಳು. ಶಾಂತಿ ಇದೆಯಾ? ಉತ್ತರವಿಲ್ಲ. ಮತ್ತೆ ಕೇಳಿದಳು. ಪರೀಕ್ಷೆಯ ಕಂಪ್ಯೂಟರಿನ ಡಿಸ್ಕು ಸತ್ತಂತೆ ಬಿದ್ದಿತ್ತು.

ನಿನ್ನೆ ಹಗಲೆಲ್ಲ ಚೆನ್ನಾಗಿದ್ದ ಅದೇ ಕರ್ನೆಲ್, ಅದೇ ಡಿಸ್ಕು. ಬೇರೆಯಾಗಿದ್ದದ್ದು ಒಂದೇ: ಇವತ್ತು ಬೆಳಗಿನಿಂದ ಯಾರೂ ಅದನ್ನು ಮಾತಾಡಿಸಿರಲಿಲ್ಲ. ಮಾತಾಡಿಸುವವರಿಲ್ಲದಾಗ ಡಿಸ್ಕು ನಿದ್ದೆಹೋಗುತ್ತದೆ; ಹೋದದ್ದು ಮತ್ತೆ ಏಳಲಾರದೆ ಉಳಿಯುತ್ತದೆ. ಇಷ್ಟು ದಿನ ತಾನು ಎರಡು ಕ್ಷಣಕ್ಕೊಮ್ಮೆ ಹೇಗಿದ್ದೀಯ ಹೇಗಿದ್ದೀಯ ಅಂತ ಪೀಡಿಸಿ ಅದಕ್ಕೆ ಕಣ್ಣು ಮುಚ್ಚಲೂ ಬಿಟ್ಟಿರಲಿಲ್ಲ. ನಿದ್ದೆಯಲ್ಲಿ ಬರುವ ರೋಗವನ್ನು ಎಬ್ಬಿಸಿ ಕೂರಿಸಿಕೊಂಡು ಹುಡುಕಿದ್ದಳು.

ಅವಳಿಗೆ ನಗುವೂ ಬಂತು, ಅಳುವೂ ಬಂತು. ಗೇಯ್ ವಿಷಯ ಕೇಳಿ ಗೇಲಿ ಮಾಡಲಿಲ್ಲ. ಹಾಗಾದರೆ ನಿನ್ನ ಪ್ರೋಗ್ರಾಂ ಅಸಲಿ ಕಂಪ್ಯೂಟರಿನ ಮೇಲೂ ಸದಾ ಓಡುತ್ತಿರಲಿ, ಡಿಸ್ಕು ಮಲಗುವುದೇ ಬೇಡ, ಅಲ್ಲಿಗೆ ಕಥೆ ಮುಗಿಯಿತಲ್ಲ ಅಂದರು. ಮಾತು ಸರಿಯಾಗೇ ಇತ್ತು. ರೊಖಾಯಾ ಒಪ್ಪಲಿಲ್ಲ.

"ಒಂದಿನ ಆ ಪ್ರೋಗ್ರಾಂ ನಿಂತ್ರೆ? ಮತ್ತೆ ಮೌನ ಆಗುತ್ತೆ ಗೇಯ್. ನಮ್ ಕೇರೀಲಿ ಮೌನ ಅಂದ್ರೆ ಹೊರಡಿ ಅಂತ. ನಮ್ಮಣ್ಣ ಹೊರಡ್ತಾನೆ."

ಹುಡುಕಾಟ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಕರ್ನೆಲ್ ಹಾಕಿ, ಡಿಸ್ಕಿನ ತಂಟೆಗೆ ಹೋಗದೆ, ಒಂದಿಡೀ ಹಗಲು ಬಿಟ್ಟುಬಿಡುವುದು. ಕೇಳಲು ಸುಲಭ. ಮಾಡಿದವರಿಗೇ ಗೊತ್ತು ಕಷ್ಟ. ಅವಳ ಕೈ ತಾನಾಗಿ ಲ್ಯಾಪ್‌ಟಾಪಿನ ಕಡೆ ಹೋಗುತ್ತಿತ್ತು. ತಡೆಯಲಾರದೆ ಹೊರಗೆ ಹೋಗಿ ಹೊಳೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೊಕ್ಕರೆಗಳು ಹಾರುತ್ತಿದ್ದವು. ಒಬ್ಬರನ್ನು ಕೇಳದೆ ನಂಬಿ ಕೂರುವುದು ಎಷ್ಟು ದೊಡ್ಡ ಕೆಲಸ ಅಂತ ಅವಳಿಗೆ ಅಲ್ಲಿ ಅರಿವಾಯಿತು. ಸಂಜೆ ಬಂದು ನೋಡಿದರೆ ಕೆಲವು ಕರ್ನೆಲ್ಲುಗಳಲ್ಲಿ ಡಿಸ್ಕು ಎಚ್ಚೆತ್ತು ಉತ್ತರ ಕೊಡುತ್ತಿತ್ತು, ಕೆಲವದರಲ್ಲಿ ಇಲ್ಲ. ಒಳ್ಳೆಯದು, ಕೆಟ್ಟದ್ದು, ಕೆಟ್ಟದ್ದು, ಒಳ್ಳೆಯದು. ಕಡಲು ಅರ್ಧವಾಯಿತು, ಕೆರೆಯಾಯಿತು, ಬಿಂದಿಗೆಯಾಯಿತು. ಕೊನೆಗೆ ಒಂದು ಹನಿ ಉಳಿಯಿತು.

ಒಂದೇ ಸಾಲು. ಡಿಸ್ಕಿನ ಜೊತೆ ಮಾತಾಡುವುದಕ್ಕೆಂದೇ ಕರ್ನೆಲ್ಲಿನೊಳಗಿರುವ ತುಂಡಿಗೆ ಡ್ರೈವರ್ ಅನ್ನುತ್ತಾರೆ. ಆ ಡ್ರೈವರಿನಲ್ಲಿ ಎಸ್ತೋನಿಯಾದ ಟೋಯ್ವೊ ಎಂಬುವರು ತಿದ್ದಿದ ಒಂದೇ ಸಾಲು. ಯಾರೂ ಏನೂ ಕೇಳದೆ ಸ್ವಲ್ಪ ಹೊತ್ತಾದರೆ ಡಿಸ್ಕನ್ನು ಗಾಢ ನಿದ್ದೆಗೆ ಕಳಿಸು ಅನ್ನುತ್ತಿತ್ತು ಅದು. ಕಾರಣವನ್ನೂ ಬರೆದಿದ್ದರು: ಇದರಿಂದ ಲಕ್ಷಾಂತರ ಲ್ಯಾಪ್‌ಟಾಪುಗಳ ಬ್ಯಾಟರಿ ಇನ್ನಷ್ಟು ಹೊತ್ತು ಬಾಳುತ್ತದೆ. ಕೇಡು ಬಗೆದವರು ಯಾರೂ ಇರಲಿಲ್ಲ. ಅಷ್ಟು ದೂರದಲ್ಲಿ ಒಬ್ಬ ಮನುಷ್ಯ ಒಳ್ಳೆಯದಾಗಲೆಂದು ಒಂದು ಸಾಲು ತಿದ್ದಿದ, ಇಲ್ಲಿ ಅಮ್ಮನ ಹೆಸರಿನ ದೋಣಿ ಎರಡು ಹೋಳಾಯಿತು. ಆ ಸಾಲನ್ನು ತೆಗೆದು ಕರ್ನೆಲ್ ಕಟ್ಟಿದಳು. ಡಿಸ್ಕು ಮಲಗಿತು, ಎದ್ದಿತು. ಮತ್ತೆ ಸೇರಿಸಿದಳು, ಏಳಲಿಲ್ಲ. ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

ಈ ಸಲ ಕಾಗದವನ್ನು ಮೂರು ಸಲ ಓದಿ ಹಾಕಿದಳು. ಮೊದಲ ಸಾಲು ಹೀಗಿತ್ತು: ಟೋಯ್ವೊ ಅವರೇ, ಶಾಂತಿ ಇದೆಯಾ, ಮನೆಯವರೆಲ್ಲ ಹೇಗಿದ್ದಾರೆ? ಆ ಗುಂಪಿನಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಟೋಯ್ವೊ ಉತ್ತರಿಸಿದರು. ಹೆಂಡತಿಯ ಮಂಡಿ ನೋವು ಕಡಿಮೆಯಾಗಿದೆ, ಕೇಳಿದ್ದಕ್ಕೆ ಸಂತೋಷ, ನಿಮ್ಮ ಡಿಸ್ಕಿನ ನಿಯಂತ್ರಕ ಚಿಪ್ ಗಾಢ ನಿದ್ದೆಯಿಂದ ಏಳಲಾರದ ಜಾತಿಯದು, ಅದು ನನಗೆ ತಿಳಿದಿರಲಿಲ್ಲ, ತಪ್ಪು ನನ್ನದು. ಕೊನೆಯಲ್ಲಿ ಆ ಕಂಪ್ಯೂಟರ್ ಏನು ಕೆಲಸ ಮಾಡುತ್ತದೆ ಎಂದು ಕೇಳಿದ್ದರು. ಅವಳು ಎಲ್ಲವನ್ನೂ ಬರೆದಳು: ಬುರುಡೆ, ಮೌನ, ಅಳಿವೆ, ಅಣ್ಣ. ಮೂರನೆಯ ದಿನ ತಿದ್ದುಪಡಿ ಬಂತು, ಅದರ ಮೇಲೆ ವಿವರಣೆ. ರೊಖಾಯಾ ಓದಿದಳು. ಎದ್ದು ಸೇತುವೆಯ ಕಡೆ ನಡೆದಳು.

ದಡದಲ್ಲಿ ಮೊಮಾರ್ ಬಲೆಯ ಹರಕು ಹೊಲಿಯುತ್ತಿದ್ದ. ಸುತ್ತ ನಾಲ್ಕಾರು ಜನ ಇದ್ದರು. ಅವಳು ಕ್ಷೇಮ ಕೇಳಿದಳು, ಅವನು ತಲೆಯೆತ್ತಲಿಲ್ಲ.

"ಮಾತಾಡ್ಬೇಡ ಅಣ್ಣ, ಕೇಳು ಸಾಕು" ಅಂದಳು. ಫೋನು ಹಿಡಿದು ನಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತ ಓದಿದಳು. "ಈ ಚಿಪ್ ಇರುವ ಯಂತ್ರಗಳಲ್ಲಿ ಡಿಸ್ಕನ್ನು ಗಾಢ ನಿದ್ದೆಗೆ ಕಳಿಸಬಾರದು. ನನ್ನ ಹಿಂದಿನ ಬದಲಾವಣೆ ಕಳಿಸುತ್ತಿತ್ತು. ಅದರಿಂದ ಸೆನೆಗಲ್ ದೇಶದ ಗೆತ್ ನ್ದಾರಿನಲ್ಲಿ ಕಡಲಿನ ಎಚ್ಚರಿಕೆ ನಿಂತುಹೋಗಿ, ಯಾಯ್ ಪೆಂದಾ ಎಂಬ ದೋಣಿ ಒಡೆಯಿತು. ಮುಂದೆ ಈ ಸಾಲನ್ನು ಮುಟ್ಟುವವರು ಆ ದೋಣಿಯನ್ನು ನೆನೆಯಬೇಕು. ಪತ್ತೆ ಮಾಡಿದವರು, ರೊಖಾಯಾ ಸೆಕ್."

ಸೂಜಿ ನಿಂತಿತು. ಅಮ್ಮನ ಹೆಸರು ಆ ಬಿಳಿಯನ ಬರಹದಲ್ಲಿ ಎಲ್ಲಿದೆ ತೋರಿಸು ಎಂದು ಪಕ್ಕದವನು ಕೇಳಿದ. ಅವಳು ತೋರಿಸಿದಳು. ಇದು ಎಲ್ಲಿ ಇಟ್ಟಿರುತ್ತಾರೆ ಅಂದ ಇನ್ನೊಬ್ಬ. ಎಲ್ಲ ಕಡೆ ಅಂದಳು. ಈ ಕರ್ನೆಲ್ ಕಟ್ಟುವವರು ಲೋಕದಲ್ಲಿ ಎಲ್ಲಿದ್ದರೂ ಅವರೆಲ್ಲರ ಬಳಿ ಈ ಮಾತು ಇರುತ್ತದೆ, ನಾವು ಸತ್ತ ಮೇಲೂ ಅಳಿಸುವುದಿಲ್ಲ. ಮೊಮಾರ್ ಮತ್ತೆ ಸೂಜಿ ಚುಚ್ಚಿದ. ಆದರೆ ಹೊಲಿಗೆ ಹಾಕಿದ್ದು ಹರಕಿಲ್ಲದ ಕಡೆ.

ಹೊಸ ತಿದ್ದುಪಡಿ ಹಾಕಿದ ಮೇಲೆ ಅವಳು ಕಾವಲು ಬಿಟ್ಟಳು, 'ಶಾಂತಿ ಇದೆಯಾ' ಪ್ರೋಗ್ರಾಮನ್ನೂ ಅಳಿಸಿದಳು. ದೊಡ್ಡ ತೆರೆಗಳ ಕಾಲ ಬಂತು. ಒಂದು ಬೆಳಗ್ಗೆ ಅವಳು ದಡದಲ್ಲೇ ಇದ್ದಳು, ದೋಣಿಗಳು ಮರದ ಉರುಳೆಗಳ ಮೇಲೆ ನೀರಿಗಿಳಿಯುವ ಹೊತ್ತು. ಕಡಲು ಎಣ್ಣೆ ಸುರಿದಂತೆ ಸಪಾಟಾಗಿತ್ತು. ಆಗ ಒಬ್ಬನ ಜೇಬಿನಲ್ಲಿ ಅವಳ ದನಿ ಮಾತಾಡಿತು, ಮತ್ತೊಬ್ಬನ ಜೇಬಿನಲ್ಲಿ, ಇಡೀ ದಡದುದ್ದಕ್ಕೂ: ಇಂದು ಅಳಿವೆ ದಾಟಬೇಡಿ. ಮೊಮಾರನ ಜೇಬಿನಲ್ಲೂ ಅದೇ ದನಿ ಕೇಳಿತು. ಅಳಿಸಿದ್ದನ್ನು ಅವನು ಯಾವಾಗ ಮತ್ತೆ ಸೇರಿಸಿಕೊಂಡನೋ ಅವಳಿಗೆ ತಿಳಿಯದು. ಅವನ ಅಂಗೈ ದೋಣಿಯ ಮೂತಿಯ ಮೇಲಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಸಪಾಟಾದ ಕಡಲನ್ನು ನೋಡಿದ, ಕೈ ತೆಗೆದ, ಉರುಳೆಗಳ ಮುಂದೆ ಕಲ್ಲು ಇಟ್ಟ.

ದಡದಲ್ಲಿ ಕಾದು ಕೂತವರ ಟೀಯ ಮೂರನೆಯ ಸುತ್ತು ಮುಗಿಯುವ ಮೊದಲೇ ಅಳಿವೆ ಬೆಳ್ಳಗಾಯಿತು. ಗೋಡೆಯೆತ್ತರದ ತೆರೆಗಳು ಬಂದು ಅಪ್ಪಳಿಸಿದ ಸದ್ದು ಮನೆಗಳ ತಗಡು ನಡುಗಿಸಿತು. ಆ ನೀರಿನಲ್ಲಿ ಒಂದೂ ದೋಣಿ ಇರಲಿಲ್ಲ.

ಮೊಮಾರ್ ಮರಳ ಮೇಲೆ ನಡೆದು ಬಂದು ತಂಗಿಯ ಎದುರು ನಿಂತ.

"ಸೆಕ್" ಅಂದ.

"ಸೆಕ್" ಅಂದಳು ಅವಳು.

"ಶಾಂತಿ ಇದ್ಯಾ?"

"ಶಾಂತಿಯೊಂದೇ."

"ಮನೆಯವ್ರೆಲ್ಲಿ?"

"ಅಲ್ಲಿದ್ದಾರೆ."

ಮುಂದಿನದು ಮಕ್ಕಳೆಲ್ಲಿ ಅಂತ ಇರಬೇಕು. ಅವನು ದ್ವೀಪದ ಕಡೆ ಗಲ್ಲ ಎತ್ತಿ ಬೇರೊಂದು ಕೇಳಿದ.

"ನಿನ್ ಯಂತ್ರ ಎಲ್ಲಿ?"

"ಅಲ್ಲಿದೆ ಅಣ್ಣ" ಅಂದಳು ರೊಖಾಯಾ. "ಅಲ್ಲಿದೆ."